ಗುಮ್ಮನಿಗೊಂದು ಹೆಸರು

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಹತ್ತು ಗಂಟೆಗೆ ಫೋನ್ ಬಂತು. ನಮ್ಮ ಭಾನುವಾರದ ಕನ್ನಡ ತರಗತಿಗೆ ಬರುವ ಒಂಬತ್ತು ವರ್ಷದ ಹುಡುಗನ ತಾಯಿ. ನಮಸ್ಕಾರ, ಊಟ ಆಯ್ತಾ, ನಿಮ್ಮ ಕಡೆ ನೀರು ನಿಂತಿದೆಯಾ ಎಂಬುದೆಲ್ಲ ಮುಗಿದ ಮೇಲೆ ವಿಷಯಕ್ಕೆ ಬಂದರು. "ಟೀಚರ್, ತಪ್ಪು ತಿಳ್ಕೋಬೇಡಿ. ನೀವು ಕ್ಲಾಸಲ್ಲಿ ಓದಿದ ಕಥೆ ಕೇಳಿ ಬಂದಾಗಿನಿಂದ ಇವನು ರಾತ್ರಿ ಬಾತ್‌ರೂಮಿಗೆ ಒಬ್ಬನೇ ಹೋಗ್ತಿಲ್ಲ. ಅಕ್ಕ ಬಾಗಿಲ ಹೊರಗೆ ನಿಂತು ಮಾತಾಡ್ತಾನೇ ಇರಬೇಕು. ನಮ್ಮ ಮಹಡಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಪಾಪ, ಅವರ ಜೊತೆ ಲಿಫ್ಟ್ ಹತ್ತೋದಿಲ್ಲ ಅಂತಾನೆ. ಕನ್ನಡ ಕಲೀಲಿ ಅಂತ ಕಳಿಸಿದ್ದು, ಹೆದರಲಿ ಅಂತ ಅಲ್ಲ ಟೀಚರ್."

ಕ್ಷಮಿಸಿ ಅಂದೆ. ಮುಂದಿನ ವಾರ ಬೇರೆ ಏನಾದರೂ ಓದುತ್ತೇನೆ ಅಂದೆ. ಫೋನ್ ಇಟ್ಟ ಮೇಲೆ ಮನಸ್ಸಿನೊಳಗೆ ಒಂದು ಸಣ್ಣ ಖುಷಿ ಇಣುಕಿತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆರು ವರ್ಷಗಳಿಂದ ಈ ಮಕ್ಕಳಿಗೆ ಒತ್ತಕ್ಷರ ತಿದ್ದಿಸಿದ್ದೇನೆ, ನೀತಿಕಥೆ ಓದಿಸಿದ್ದೇನೆ, ರಾಜ್ಯೋತ್ಸವಕ್ಕೆ ಪದ್ಯ ಬಾಯಿಪಾಠ ಮಾಡಿಸಿದ್ದೇನೆ. ಅವುಗಳಲ್ಲಿ ಒಂದಾದರೂ ತರಗತಿಯ ಬಾಗಿಲು ದಾಟಿ ಮಗುವಿನ ಹಿಂದೆಯೇ ಮನೆಗೆ ಹೋದದ್ದನ್ನು ನಾನು ಕಾಣೆ. ಈ ಕಥೆ ಬಚ್ಚಲಿನ ತನಕ ಹೋಗಿದೆ! ಸ್ವಲ್ಪ ಹೊತ್ತಿಗೆ ಆ ಖುಷಿಯೇ ನನ್ನನ್ನು ಕಾಡತೊಡಗಿತು. ಮಗುವೊಂದು ಕತ್ತಲಿಗೆ ಹೆದರಿ ನಿಂತಿರುವಾಗ ಹೆಮ್ಮೆಪಡುವ ನಾನು ಎಂಥವಳು? ಬೇಕೆಂದೇ ಒಂದು ಮಗುವನ್ನು ಹೆದರಿಸುವ ಹಕ್ಕನ್ನು ನನಗೆ ಕೊಟ್ಟವರು ಯಾರು?

ನಾನು ಬರೆಯುತ್ತಿರುವುದು ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗಾಗಿ ಒಂದು ದೆವ್ವದ ಕಾದಂಬರಿ. ಇಂಗ್ಲಿಷಿನಲ್ಲಿ ಈ ವಯಸ್ಸಿನವರಿಗೆಂದೇ ಬೇರೆ ಕಪಾಟಿದೆ, ಮಿಡ್ಲ್ ಗ್ರೇಡ್ ಅನ್ನುತ್ತಾರೆ. ಆರ್. ಎಲ್. ಸ್ಟೈನ್ ಅವರ 'ಗೂಸ್‌ಬಂಪ್ಸ್' ಸರಣಿ ಶುರುವಾದದ್ದು 1992ರಲ್ಲಿ. ನೀಲ್ ಗೈಮನ್ 2008ರಲ್ಲಿ ಬರೆದ 'ದಿ ಗ್ರೇವ್‌ಯಾರ್ಡ್ ಬುಕ್' ಎಂಬ ಕಾದಂಬರಿಯಲ್ಲಿ ಕೊಲೆಗಾರನಿಂದ ತಪ್ಪಿಸಿಕೊಂಡ ಕೂಸೊಂದನ್ನು ಸ್ಮಶಾನದ ದೆವ್ವಗಳೇ ಸಾಕುತ್ತವೆ. ಅದಕ್ಕೆ ಮರುವರ್ಷ ಅಮೆರಿಕದಲ್ಲಿ ಮಕ್ಕಳ ಸಾಹಿತ್ಯಕ್ಕೆ ಕೊಡುವ ನ್ಯೂಬರಿ ಪದಕ ಬಂತು. ಅಷ್ಟು ದೂರ ಯಾಕೆ, ಬಂಗಾಳಿಯಲ್ಲಿ ಶೀರ್ಷೇಂದು ಮುಖೋಪಾಧ್ಯಾಯರು ಮಕ್ಕಳಿಗಾಗಿ ದೆವ್ವಗಳ ಒಂದು ಊರನ್ನೇ ಕಟ್ಟಿದ್ದಾರೆ. ಅವರ 'ಗೋಸಾಯಿಬಾಗಾನೇರ್ ಭೂತ್' ಕಾದಂಬರಿಯಲ್ಲಿ ಗಣಿತದಲ್ಲಿ ಹದಿಮೂರು ಅಂಕ ತೆಗೆದು ಮನೆಯಲ್ಲಿ ಬೈಸಿಕೊಂಡ ಹುಡುಗನಿಗೆ ದೆವ್ವವೇ ಗೆಳೆಯ. ನಮ್ಮ ತರಗತಿಯ ಮಕ್ಕಳು ಇಂಗ್ಲಿಷಿನ ದೆವ್ವಗಳನ್ನೆಲ್ಲ ಓದಿ ಮುಗಿಸಿದವರು. ಅವರ ಪಾಲಿಗೆ ಕನ್ನಡವೆಂದರೆ ಒಳ್ಳೆಯವರಾಗಿ ಬಾಳಿರಿ ಎಂದು ಹೇಳುವ ಭಾಷೆ. ಭಯ, ಗುಟ್ಟು, ಬಾಗಿಲ ಸಂದಿನಲ್ಲಿ ಇಣುಕುವ ಕುತೂಹಲ ಎಲ್ಲ ಇಂಗ್ಲಿಷಿನ ಪಾಲು. ಕನ್ನಡಕ್ಕೂ ಅದರಲ್ಲಿ ಒಂದು ಪಾಲು ಸಿಗಲಿ ಅನ್ನುವುದೇ ನನ್ನ ಆಸೆಯಾಗಿತ್ತು.

ಈ ವಯಸ್ಸೂ ವಿಚಿತ್ರವೇ. ಐದು ವರ್ಷದ ಮಗು ಮಂಚದ ಕೆಳಗೆ ಏನೋ ಇದೆಯೆಂದು ನಂಬುತ್ತದೆ. ಹದಿನೈದರ ಹುಡುಗ ಏನೂ ಇಲ್ಲವೆಂದು ನಗುತ್ತಾನೆ. ಹತ್ತು ವರ್ಷದವರು ಇವೆರಡರ ನಡುವಿನ ಹೊಸ್ತಿಲ ಮೇಲೆ ನಿಂತಿರುತ್ತಾರೆ. ದೆವ್ವ ಇಲ್ಲವೆಂದು ಅವರಿಗೆ ಗೊತ್ತು, ಆದರೂ ಲೈಟ್ ಆರಿಸಿದ ಮೇಲೆ ಹಾಸಿಗೆಗೆ ಮೂರೇ ಜಿಗಿತ. ದೊಡ್ಡವರೂ ತಪ್ಪು ಮಾಡುತ್ತಾರೆ, ಅಮ್ಮ ಅಪ್ಪ ಕೂಡ ಒಂದು ದಿನ ಸಾಯುತ್ತಾರೆ ಎಂದು ಮೊದಲ ಬಾರಿಗೆ ಹೊಳೆಯುವುದೂ ಆ ವಯಸ್ಸಿನಲ್ಲೇ. ಅದನ್ನು ಅವರು ಯಾರಲ್ಲೂ ಕೇಳುವುದಿಲ್ಲ. ದೆವ್ವದ ಕಥೆಯ ಮರೆಯಲ್ಲಿ ನಿಂತು ಕೇಳುತ್ತಾರೆ.

ಇಂಥ ಕಥೆಗಳು ಮಕ್ಕಳನ್ನು ಕೆಡಿಸುತ್ತವೆ ಎಂಬ ದೂರು ಹೊಸದಲ್ಲ. 1954ರಲ್ಲಿ ನ್ಯೂಯಾರ್ಕಿನ ಮನೋವೈದ್ಯ ಫ್ರೆಡರಿಕ್ ವರ್ದಮ್ ಎಂಬುವರು ಕಾಮಿಕ್ಸುಗಳ ವಿರುದ್ಧ ಒಂದು ಪುಸ್ತಕವನ್ನೇ ಬರೆದರು. ಅದೇ ವರ್ಷ ಅಮೆರಿಕದ ಪ್ರಕಾಶಕರು ತಮಗೆ ತಾವೇ ಒಂದು ಸಂಹಿತೆ ಹಾಕಿಕೊಂಡು, ಪುಸ್ತಕದ ಹೆಸರಿನಲ್ಲಿ 'ಹಾರರ್' ಎಂಬ ಪದವೇ ಬರಕೂಡದು ಎಂದರು. ಮರುವರ್ಷ ಬ್ರಿಟನ್ ಕಾನೂನನ್ನೇ ಮಾಡಿತು. ಜಾನಪದದಿಂದ ಆಯ್ದು ಆಲ್ವಿನ್ ಶ್ವಾರ್ಟ್ಜ್ ಮಕ್ಕಳಿಗಾಗಿ ಬರೆದ ಭಯದ ಕಥೆಗಳ ಪುಸ್ತಕಗಳ ಮೇಲೆ, 1990ರ ದಶಕದಲ್ಲಿ ಅಮೆರಿಕದ ಗ್ರಂಥಾಲಯಗಳಿಗೆ ಬೇರೆಲ್ಲ ಪುಸ್ತಕಗಳಿಗಿಂತ ಹೆಚ್ಚು ದೂರು ಬಂದವು. ಇನ್ನೊಂದು ಪಕ್ಷದವರೂ ಸುಮ್ಮನಿರಲಿಲ್ಲ. ಭಯವನ್ನು ಕಥೆ ತಂದು ಹಾಕುವುದಿಲ್ಲ, ಅದು ಮಗುವಿನೊಳಗೆ ಮೊದಲೇ ಇರುತ್ತದೆ, ಕಥೆ ಅದಕ್ಕೊಂದು ಆಕಾರ ಕೊಡುತ್ತದೆ ಎಂಬರ್ಥದಲ್ಲಿ 1976ರಲ್ಲಿ ಬ್ರೂನೋ ಬೆಟಲ್‌ಹೈಮ್ ವಾದಿಸಿದರು. ನಾವಂತೂ ಇದಕ್ಕೆ ಪಾಶ್ಚಾತ್ಯರ ಸಾಕ್ಷಿ ಕೇಳಬೇಕಾಗಿಲ್ಲ. ಗೋವಿನ ಹಾಡು ಕೇಳುವ ಪ್ರತಿ ಕನ್ನಡದ ಮಗುವೂ ಹುಲಿಯ ಬಾಯಿ ಮುಂದೆ ನಿಂತ ತಾಯಿಯನ್ನೂ ದೊಡ್ಡಿಯಲ್ಲಿ ಕಾಯುವ ಕರುವನ್ನೂ ಕಂಡಿದೆ. ಕುವೆಂಪು ಅವರ ಕಿಂದರಿಜೋಗಿ ಒಂದು ಊರಿನ ಮಕ್ಕಳನ್ನೇ ಬೆಟ್ಟದೊಳಗೆ ಕರೆದೊಯ್ಯುತ್ತಾನೆ. 'ಚಂದಮಾಮ'ದ ಬೇತಾಳ ಎಷ್ಟೋ ದಶಕ ರಾಜನ ಹೆಗಲ ಮೇಲೆ ಹೆಣವಾಗಿ ತೂಗಿದ್ದಾನೆ. ಇವನ್ನೆಲ್ಲ ಓದಿ ಬೆಳೆದ ನಾವು ಕೆಟ್ಟಿದ್ದೇವೆಯೇ?

ಕೆಟ್ಟಿಲ್ಲವೆಂದು ಹೇಳಿ ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಈ ಜಗಳವೆಲ್ಲ ಹೆಚ್ಚಾಗಿ ಅಳತೆಯ ಜಗಳ: ಮಗುವಿಗೆ ಎಷ್ಟು ಭಯ ಕೊಡಬಹುದು, ಒಂದು ಚಮಚವೋ ಎರಡು ಚಮಚವೋ ಅನ್ನುವಂಥದು. ಆ ತಾಯಿಯ ಮಾತಿನಲ್ಲಿ ನನ್ನನ್ನು ಚುಚ್ಚಿದ್ದು ಅಳತೆಯಲ್ಲ. ಬಚ್ಚಲಿನ ಭಯ ವಾರದಲ್ಲಿ ಇಳಿಯುತ್ತದೆ. ಲಿಫ್ಟಿನ ಅಜ್ಜಿಯ ವಿಷಯ? ನನ್ನ ಕಥೆ ಕೇಳಿದ ಹುಡುಗ ಕತ್ತಲಿಗಷ್ಟೇ ಹೆದರಲಿಲ್ಲ. ಹಗಲು ಬೆಳಕಿನಲ್ಲಿ, ತರಕಾರಿ ಚೀಲ ಹಿಡಿದು ನಿಂತ ಒಬ್ಬ ಮನುಷ್ಯಳಿಗೆ ಹೆದರಿದ್ದಾನೆ.

ನಮ್ಮ ಮನೆಗಳಲ್ಲಿ ಭಯವನ್ನು ಬಳಸಿಕೊಂಡ ಬಗೆ ನೆನಪಾಯಿತು. ಊಟ ಮಾಡದಿದ್ದರೆ ಗುಮ್ಮ ಬರುತ್ತಾನೆ. ಪುರಂದರದಾಸರ ಒಂದು ಕೀರ್ತನೆಯಲ್ಲಿ ಬಾಲಕೃಷ್ಣನೇ ತಾಯಿಯೆದುರು ಗುಮ್ಮನನ್ನು ಕರೆಯಬೇಡವೆಂದು ಬೇಡಿಕೊಳ್ಳುತ್ತಾನೆ. ದೇವರನ್ನೂ ಬಿಡದ ಗುಮ್ಮ! ಅವನಿಗೆ ಮುಖವಿಲ್ಲ, ಊರಿಲ್ಲ, ಕಥೆಯಿಲ್ಲ. ಅವನು ದೊಡ್ಡವರ ಸಂಬಳದ ಆಳು, ಕರೆದಾಗ ಬಂದು ಕೆಲಸ ಮುಗಿಸಿ ಹೋಗುತ್ತಾನೆ. ಆದರೆ ಮುಖವಿಲ್ಲದ ಭಯ ಬಹಳ ಕಾಲ ಹಾಗೆಯೇ ಉಳಿಯುವುದಿಲ್ಲ, ಎಲ್ಲಾದರೂ ಒಂದು ಮುಖ ಹುಡುಕಿಕೊಳ್ಳುತ್ತದೆ. ಗುಮ್ಮ ಮೆಲ್ಲಗೆ ಮೂಟೆ ಹೊತ್ತ ಚಿಂದಿ ಆಯುವವನಾಗುತ್ತಾನೆ, ಬುರುಡೆ ಹಿಡಿದ ಬೈರಾಗಿಯಾಗುತ್ತಾನೆ, ಭಾಷೆ ಗೊತ್ತಿಲ್ಲದ ಪರಊರಿನವನಾಗುತ್ತಾನೆ.

2018ರ ಜುಲೈ 1ರಂದು ಇದೇ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾ ಎಂಬ ಹಳ್ಳಿಯಲ್ಲಿ ಐದು ಜನ ಅಲೆಮಾರಿಗಳನ್ನು ಮಕ್ಕಳ ಕಳ್ಳರೆಂಬ ಗುಮಾನಿಯಲ್ಲಿ ಹೊಡೆದು ಕೊಂದರು. ಅವರು ಭಿಕ್ಷೆ ಬೇಡಿ ಬದುಕುವ ನಾಥಪಂಥಿ ಸಮುದಾಯದವರು. ಕಾರಣ ಮೊಬೈಲಿನಲ್ಲಿ ಹರಿದಾಡಿದ ಸುಳ್ಳು ಸುದ್ದಿ. ಗುಮ್ಮನ ಕಥೆಯಿಂದಲೇ ಇದಾಯಿತು ಎಂದು ನಾನು ಹೇಳುತ್ತಿಲ್ಲ. ಆದರೆ ಹೊಡೆದವರೂ ಒಂದು ಕಾಲದಲ್ಲಿ ಮಕ್ಕಳಾಗಿದ್ದರು. ಜೋಳಿಗೆ ಹೊತ್ತ ಅಪರಿಚಿತ ಬಂದರೆ ಮನೆಯೊಳಗೆ ಓಡಬೇಕೆಂದು ನಮ್ಮಂತೆಯೇ ಅವರೂ ಕಲಿತಿರಬಹುದು.

ಮುಂದಿನ ಭಾನುವಾರ ನಾನು ಬೇರೆ ಪುಸ್ತಕ ಹಿಡಿದು ಹೋದೆ. ಮಕ್ಕಳು ಒಪ್ಪಲಿಲ್ಲ. ಮೊದಲು ಗಲಾಟೆ ಎಬ್ಬಿಸಿದವನು ಬಾತ್‌ರೂಮಿಗೆ ಒಬ್ಬನೇ ಹೋಗದ ಆ ಹುಡುಗನೇ. ಸರಿ, ಓದುವುದು ಬೇಡ, ಮುಂದೇನಾಗುತ್ತದೆ ಎಂದು ಬಾಯಲ್ಲಿ ಹೇಳುತ್ತೇನೆ ಅಂದೆ. ಆಗಿನ ಕಥೆ ಹೀಗಿತ್ತು: ಊರಂಚಿನ ಹುಣಸೆಮರದ ಪಕ್ಕ ಒಂಟಿಯಾಗಿದ್ದ ಮುದುಕಿ ಸಾಯುತ್ತಾಳೆ, ಎರಡು ದಿನ ಯಾರಿಗೂ ಗೊತ್ತಾಗುವುದಿಲ್ಲ, ಆಮೇಲೆ ಹುಣಸೆಕಾಯಿ ಕದಿಯಲು ಬರುವ ಮಕ್ಕಳ ಬೆನ್ನುಹತ್ತುತ್ತಾಳೆ. ಕೊನೆಗೆ ಘಟ್ಟದ ಮೇಲಿನಿಂದ ಮಂತ್ರವಾದಿ ಬಂದು ಅವಳನ್ನು ಶೀಷೆಯಲ್ಲಿ ಹಿಡಿದು ಹೊಳೆಗೆ ಬಿಡುತ್ತಾನೆ. ಹೇಳಿ ಮುಗಿಸಿದೆ. ಎಲ್ಲರೂ ನಿಟ್ಟುಸಿರು ಬಿಟ್ಟರು. ಹಿಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಮಾತ್ರ ಕೈ ಎತ್ತಿದಳು. "ಟೀಚರ್, ಆ ಅಜ್ಜಿ ಏನ್ ತಪ್ಪು ಮಾಡಿದ್ಲು? ಒಬ್ಬಳೇ ಇದ್ದದ್ದಾ?"

ಉತ್ತರ ನನ್ನಲ್ಲಿರಲಿಲ್ಲ. ಇದ್ದದ್ದು ಒಂದು ನೆನಪು. ಕುಂದಾಪುರದ ಹತ್ತಿರದ ನಮ್ಮೂರಿನಲ್ಲಿ, ರಸ್ತೆಯ ತಿರುವಿನ ಮೂಲೆಮನೆಯಲ್ಲಿ ಅಂಥ ಒಬ್ಬಾಕೆ ಇದ್ದರು. ಬಿಳಿ ಕೂದಲು, ಯಾವಾಗಲೂ ಬಿಚ್ಚಿದ್ದು. ಮಕ್ಕಳಿಲ್ಲ. ಗಂಡ ಎಂದೋ ತೀರಿಹೋಗಿದ್ದರು. ಆ ಕಡೆ ಹೋಗಬೇಡಿ, ದೃಷ್ಟಿಯಾಗುತ್ತದೆ ಎಂದು ದೊಡ್ಡವರು ಹೇಳುತ್ತಿದ್ದರು. ಹೇಳಿದ ಮೇಲೆ ಮಕ್ಕಳು ಹೋಗದೆ ಇರುತ್ತಾರೆಯೇ? ಆಕೆಯ ದಣಪೆ ಮುಟ್ಟಿ ಓಡಿ ಬರುವುದು ನಮಗೊಂದು ಪಂದ್ಯ. ಒಂದು ಮಳೆಗಾಲ ಹೆಂಚಿಗೆ ಕಲ್ಲು ಎಸೆದೆವು. ನಾನೂ ಎಸೆದೆ. ಹೆಂಚು ಒಡೆಯಿತು. ಬೇಲಿಯ ಮರೆಯಿಂದ ನೋಡಿದರೆ ಆಕೆ ಬೈಯಲೂ ಇಲ್ಲ, ಹೊರಗೆ ಬರಲೂ ಇಲ್ಲ. ತೆರೆದ ಬಾಗಿಲಿನೊಳಗೆ, ಸೋರುವ ಜಾಗಕ್ಕೆ ಒಂದು ತಪ್ಪಲೆ ತಂದಿಟ್ಟು ಪಕ್ಕದಲ್ಲೇ ಕೂತರು. ನಲವತ್ತು ವರ್ಷದ ಮೇಲೆ ಮುಂಬಯಿ ಕಡೆಯ ಒಂದು ಫ್ಲ್ಯಾಟಿನಲ್ಲಿ ಕೂತು ನಾನು ಬರೆಯಲು ಹೊರಟದ್ದು ಇದೇ ಕಲ್ಲನ್ನು ಇನ್ನೊಮ್ಮೆ ಎಸೆಯುವ ಕಥೆ. ಈ ಸಲ ನಾನೊಬ್ಬಳೇ ಅಲ್ಲ, ಒಂದು ತರಗತಿ ತುಂಬ ಮಕ್ಕಳ ಕೈಗೆ ಕಲ್ಲು ಕೊಡುತ್ತಿದ್ದೆ.

ನಮ್ಮ ದೆವ್ವಗಳ ಪಟ್ಟಿಯನ್ನು ಒಮ್ಮೆ ನೋಡಿ. ಹೆರಿಗೆಯಲ್ಲಿ ಸತ್ತವಳು ದೆವ್ವ. ಮದುವೆಯಾಗದೆ ಸತ್ತವಳು ಮೋಹಿನಿ. ಬಾವಿಗೆ ಬಿದ್ದ ಸೊಸೆ ಆ ಬಾವಿಯಲ್ಲೇ ಇದ್ದಾಳೆ. ಬದುಕಿದ್ದಾಗ ಯಾರಿಗೆ ಅನ್ಯಾಯವಾಯಿತೋ ಸತ್ತ ಮೇಲೆ ಅವರೇ ನಮ್ಮನ್ನು ಹೆದರಿಸುವವರು. ಅವಳನ್ನು ಬಾವಿಯ ತನಕ ಅಟ್ಟಿದವರು ಮಾತ್ರ ವಯಸ್ಸಾಗಿ ಹಾಸಿಗೆಯಲ್ಲಿ ಸತ್ತು, ಪಕ್ಷದಲ್ಲಿ ಪಿಂಡ ಉಂಡು, ಗೋಡೆಯ ಮೇಲೆ ಫೋಟೋ ಆಗುತ್ತಾರೆ. ಇದು ನಮ್ಮಲ್ಲಿ ಮಾತ್ರ ಇರುವ ರೋಗವಲ್ಲ. 1983ರಲ್ಲಿ ಬಂದ ರೋಲ್ಡ್ ಡಾಲ್ ಅವರ 'ದಿ ವಿಚಸ್' ಮಕ್ಕಳು ಮುಗಿಬಿದ್ದು ಓದಿದ ಪುಸ್ತಕ, ನನ್ನ ಮಗಳೂ ಓದಿದ್ದಳು. ಅದರ ಮಾಟಗಾತಿಯರು ನೋಡಲು ಸಾಮಾನ್ಯ ಹೆಂಗಸರಂತೆಯೇ ಇರುತ್ತಾರೆ, ಆದ್ದರಿಂದ ಯಾವ ಹೆಂಗಸನ್ನೂ ನಂಬುವಂತಿಲ್ಲ. ಅದೇ ಕಥೆಯಲ್ಲಿ ಹುಡುಗನನ್ನು ಕಾಪಾಡುವ ಸೊಗಸಾದ ಅಜ್ಜಿಯೂ ಇದ್ದಾಳೆ ನಿಜ. ಆದರೂ ಹೆಂಗಸರ ಮೇಲಿನ ದ್ವೇಷವನ್ನು ಇದು ಕಲಿಸುತ್ತದೆಂಬ ಟೀಕೆ ಬಂದಾಗ ಅದನ್ನು ಬರೀ ಮಡಿವಂತಿಕೆ ಎಂದು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ.

ಪುಣೆಯಲ್ಲಿರುವ ನನ್ನ ಗೆಳತಿಯೊಬ್ಬಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಮೂಢನಂಬಿಕೆಯ ವಿರುದ್ಧ ಶಾಲೆ ಶಾಲೆಗೆ ಹೋಗಿ ಕಾರ್ಯಕ್ರಮ ಮಾಡುವವಳು ಅವಳು. "ನರೇಂದ್ರ ದಾಭೋಲ್ಕರರನ್ನು ಬೆಳಗಿನ ವಾಕಿಂಗಿನಲ್ಲಿ ಗುಂಡಿಟ್ಟು ಕೊಂದದ್ದು ಇದೇ ಊರಲ್ಲಿ, 2013ರ ಆಗಸ್ಟ್ 20ಕ್ಕೆ. ಅವರು ಜೀವಮಾನವೆಲ್ಲ ಒದ್ದಾಡಿದ್ದು ದೆವ್ವ ಇಲ್ಲ ಅಂತ ಹೇಳೋದಕ್ಕೆ. ನೀನು ಪಕ್ಕದ ಜಿಲ್ಲೆಯಲ್ಲಿ ಕೂತು ಮಕ್ಕಳಿಗೆ ಇದೆ ಅಂತ ಹೇಳ್ತೀಯಾ?" ಅಂದಳು. ಹಲವು ದಿನ ಯೋಚಿಸಿದೆ. ನನಗೆ ಕಂಡ ವ್ಯತ್ಯಾಸ ಇಷ್ಟು: ಮೂಢನಂಬಿಕೆ ಭಯವನ್ನು ತೋರಿಸಿ ಪರಿಹಾರವನ್ನು ಮಾರುತ್ತದೆ. ಅದರ ಹಿಂದೆಯೇ ತಾಯಿತ, ನಿಂಬೆಹಣ್ಣು, ಕೋಳಿ, ದಕ್ಷಿಣೆ ಬರುತ್ತವೆ. ಕಥೆಯ ಹತ್ತಿರ ಮಾರಲು ಏನೂ ಇಲ್ಲ. ಬೇತಾಳ ರಾಜನಿಗೆ ತಾಯಿತ ಕಟ್ಟಿಸಿಕೋ ಅನ್ನಲಿಲ್ಲ, ಪ್ರಶ್ನೆ ಕೇಳಿದ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಿಡಿದುಹೋಗುತ್ತದೆ ಅಂದ. ಗೆಳತಿ ಇದನ್ನು ಪೂರ್ತಿ ಒಪ್ಪಲಿಲ್ಲ. "ಹಾಗಾದ್ರೆ ನಿನ್ನ ಮಂತ್ರವಾದಿ ಏನು ಮಾಡ್ತಿದ್ದಾನೆ?" ಎಂದು ಕೇಳಿದಳು. ಅದು ಸರಿಯಾದ ಮಾತೇ. ಅವನದ್ದೂ ಪರಿಹಾರದ ಅಂಗಡಿಯೇ. ಆ ರಾತ್ರಿಯೇ ಶೀಷೆಯ ಸಮೇತ ಅವನನ್ನು ಕಥೆಯಿಂದ ತೆಗೆದೆ. ಅವನು ಹೋದ ಮೇಲೆ ಅಜ್ಜಿ ನಿಲ್ಲಲಿಲ್ಲ. ಹಸ್ತಪ್ರತಿ ಪೂರ್ತಿ ಬಿದ್ದುಹೋಯಿತು.

ಬಿದ್ದದ್ದನ್ನು ಎತ್ತಿ ನಿಲ್ಲಿಸಿದ್ದು ನಮ್ಮ ಕರಾವಳಿಯೇ. ನಮ್ಮ ಕಡೆ ಭೂತ ಎಂಬ ಮಾತಿಗೆ ಇನ್ನೊಂದು ಅರ್ಥವಿದೆ. ಅದನ್ನು ಓಡಿಸುವುದಿಲ್ಲ, ವರ್ಷಕ್ಕೊಮ್ಮೆ ಕರೆಯುತ್ತಾರೆ, ಕೋಲ ಕೊಡುತ್ತಾರೆ, ಅದು ನುಡಿ ಕೊಡುತ್ತದೆ. ಆ ದೈವಗಳ ಪಾಡ್ದನಗಳಲ್ಲಿ ಹಲವು ಅನ್ಯಾಯಕ್ಕೆ ಸಿಕ್ಕಿ ಸತ್ತವರ, ಮಾಯವಾದವರ ಕಥೆಗಳು. ಕಾರ್ಕಳದ ಗೊಮ್ಮಟನನ್ನು 1432ರಲ್ಲಿ ನಿಲ್ಲಿಸಿದರು. ಅದನ್ನು ಕೆತ್ತಿದ ಶಿಲ್ಪಿ ಕಲ್ಕುಡ, ಅಂಥದೇ ಇನ್ನೊಂದನ್ನು ಅವನು ಬೇರೆಲ್ಲೂ ಕೆತ್ತಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ, ಆಮೇಲೆ ಅವನೂ ತಂಗಿ ಕಲ್ಲುರ್ಟಿಯೂ ದೈವಗಳಾಗಿ ಅರಸನ ಮನೆತನವನ್ನು ಕಾಡಿದರು ಎಂಬುದು ತುಳುನಾಡಿನ ನಂಬಿಕೆ. ಇದು ಚರಿತ್ರೆಯಲ್ಲದಿರಬಹುದು. ಆದರೆ ಈ ಕಥೆಯಲ್ಲಿ ಬೆರಳು ಯಾರ ಕಡೆ ತೋರುತ್ತದೆ ಅನ್ನುವುದರಲ್ಲಿ ಅನುಮಾನವೇ ಇಲ್ಲ. ಕೋಲ ನೋಡುತ್ತಿದ್ದ ಮಗುವಾಗಿ ನಾನು ನಡುಗಿದ್ದೇನೆ, ಅಮ್ಮನ ಸೆರಗು ಹಿಡಿದಿದ್ದೇನೆ. ಆದರೂ ಅದು ನನ್ನನ್ನು ಹಿಡಿಯಲು ಬಂದಿದೆ ಅನ್ನಿಸಿರಲಿಲ್ಲ. ಊರ ಗುರಿಕಾರರೂ ಕೈಕಟ್ಟಿ ನಿಂತು ಅದಕ್ಕೆ ಉತ್ತರ ಕೊಡಬೇಕಾಗಿತ್ತು. ಇಷ್ಟು ದೊಡ್ಡವರೂ ಉತ್ತರ ಕೊಡಬೇಕಾದ ಒಂದು ಜಾಗ ಇದೆ ಎಂದು ಹತ್ತು ವರ್ಷಕ್ಕೆ ತಿಳಿಯುವುದು ಸಣ್ಣ ಸಂಗತಿಯಲ್ಲ.

ಹೊಸ ಕಥೆ ಅಲ್ಲಿಂದ ಹುಟ್ಟಿತು. ಮಕ್ಕಳು ಮುಂಬಯಿಯವರು, ಹುಣಸೆಮರ ಅವರಿಗೆ ಚಿತ್ರದಲ್ಲಿ ಗೊತ್ತು. ಹಾಗಾಗಿ ದೆವ್ವವೂ ಇಲ್ಲಿಯದೇ ಆಗಬೇಕು. ನಮ್ಮ ಕಡೆಯಿಂದ ಹತ್ತು ಹನ್ನೆರಡು ವರ್ಷದ ಹುಡುಗರು ಹೋಟೆಲ್ ಕೆಲಸಕ್ಕೆಂದು ಈ ಊರಿಗೆ ಬಂದದ್ದು ನಮ್ಮೆಲ್ಲರ ಮನೆಯ ಚರಿತ್ರೆ. ಹಗಲು ಮೇಜು ಒರೆಸಿ, ಲೋಟ ತೊಳೆದು, ರಾತ್ರಿ ಕನ್ನಡದ ರಾತ್ರಿಶಾಲೆಯಲ್ಲಿ ಅವರು ಅಕ್ಷರ ಕಲಿತರು. ನನ್ನ ಕಥೆಯ ಗೋವಿಂದ ಅಂಥವನೊಬ್ಬ. ಇಂದಿನ ನಾಲ್ಕು ಮಕ್ಕಳು ಒಂದು ಹಳೆಯ ಶಾಲೆಯ ಕಟ್ಟಡದಲ್ಲಿ ಕನ್ನಡ ಕಲಿಯುತ್ತಾರೆ. ದಿನವೂ ಹಾಜರಿ ಕರೆದು ಮುಗಿದ ಮೇಲೆ, ಖಾಲಿಯಿರುವ ಕೊನೆಯ ಬೆಂಚಿನಿಂದ ಯಾರೋ ಉಸಿರೆಳೆದುಕೊಂಡು ಕಾಯುವ ಸದ್ದು. ತನ್ನ ಹೆಸರು ಕರೆಯುತ್ತಾರೆಂದು ಕಾಯುವ ಸದ್ದು. ಆ ಹೆಸರು ಯಾವುದೆಂದು ಮಕ್ಕಳು ಹಳೆಯ ಹಾಜರಿ ಪುಸ್ತಕದಲ್ಲಿ ಹುಡುಕಬೇಕು. ಒಂದು ತಿಂಗಳ ಹಾಳೆಯಲ್ಲಿ ಅವನ ಹೆಸರಿನ ಮುಂದಿನ ಗುರುತುಗಳು ಹದಿನೇಳನೇ ತಾರೀಖಿಗೆ ನಿಲ್ಲುತ್ತವೆ.

ಅವನು ಹೇಗೆ ಸತ್ತ ಎಂಬ ಪ್ರಶ್ನೆಯಲ್ಲಿ ನನ್ನ ಪೆನ್ನು ನಿಂತಿತು. ಅಪಘಾತ ಅನ್ನಬಹುದಿತ್ತು, ಯಾರಿಗೂ ನೋವಾಗುತ್ತಿರಲಿಲ್ಲ. ಆದರೆ ನಮ್ಮ ತರಗತಿಯ ಆ ಹುಡುಗಿ ಕೈ ಎತ್ತುವುದು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಜ್ವರ ಎಂದು ಬರೆದೆ. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಎರಡು ದಿನ ಜ್ವರ, ಹಬ್ಬದ ಗಿರಾಕಿ, ಬೆಳಿಗ್ಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರಾಯಿತು ಎಂದುಕೊಂಡ ಮಾಲೀಕ. ಆ ಬೆಳಿಗ್ಗೆ ಬರಲಿಲ್ಲ.

ಪುಸ್ತಕ ಅಚ್ಚು ಹಾಕಿಸಲು ನೆರವಾಗುತ್ತೇವೆಂದು ಒಂದು ಸಂಘದವರು ಹೇಳಿದ್ದರು. ಅಲ್ಲಿನ ಹಿರಿಯರೊಬ್ಬರು ಹಸ್ತಪ್ರತಿ ಓದಿ ನನ್ನನ್ನು ಕರೆಸಿದರು. "ಎಲ್ಲಾ ಚಂದ ಇದೆ ಅಮ್ಮ. ಆದ್ರೆ ಹೋಟ್ಲಿನವರನ್ನೇ ಯಾಕೆ ತಂದ್ರಿ? ನಾನೂ ಹನ್ನೆರಡನೇ ವಯಸ್ಸಿಗೆ ಬಂದವನೇ. ನಮ್ಮ ಮಾಲೀಕರು ಉಣ್ಣಲಿಕ್ಕೆ ಕೊಟ್ರು, ಮಲಗಲಿಕ್ಕೆ ಕೊಟ್ರು, ಶಾಲೆಗೆ ಕಳಿಸಿದ್ರು. ಇಲ್ಲದಿದ್ರೆ ನಾನು ಊರಲ್ಲಿ ದನ ಕಾಯ್ತಿದ್ದೆ. ನಮ್ಮ ಮೊಮ್ಮಕ್ಕಳು ಇದನ್ನ ಓದಿ ನಮ್ಮನ್ನ ಏನಂದ್ಕೊಳ್ತಾರೆ?"

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಎಷ್ಟೋ ಮಾಲೀಕರು ತಾವೂ ಲೋಟ ತೊಳೆದೇ ಮೇಲೆ ಬಂದವರು. ಹೋಟೆಲು, ಢಾಬಾಗಳಲ್ಲಿ ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಸುವುದನ್ನು ಸರ್ಕಾರ ನಿಷೇಧಿಸಿದ್ದೇ 2006ರ ಅಕ್ಟೋಬರ್ 10ರಿಂದ. ಅಂದಿನ ಕಾಲಕ್ಕೆ ಅದು ತಪ್ಪೆಂದು ಯಾರಿಗೂ ಹೊಳೆದಿರಲಿಲ್ಲ, ಹುಡುಗನ ತಂದೆತಾಯಿಗೂ ಹೊಳೆದಿರಲಿಲ್ಲ. ಹಾಗಾದರೆ ಹತ್ತು ವರ್ಷದ ಓದುಗನಿಗೆ ಅವನ ಅಜ್ಜನನ್ನೇ ಗುಮ್ಮನನ್ನಾಗಿ ಮಾಡಿ ತೋರಿಸುವುದು ನ್ಯಾಯವೇ? ಮುದುಕಿಯ ಮೇಲಿಂದ ಎತ್ತಿದ ಕಲ್ಲನ್ನು ಮುದುಕನ ಮೇಲೆ ಎಸೆದಂತಾಗಲಿಲ್ಲವೇ?

ಮನೆಗೆ ಬಂದು ಮಾಲೀಕನ ಅಧ್ಯಾಯವನ್ನು ಮತ್ತೆ ಬರೆದೆ. ಅವನನ್ನು ತೆಗೆಯಲಿಲ್ಲ, ಮೆತ್ತಗೂ ಮಾಡಲಿಲ್ಲ. ಆದರೆ ಅವನಿಗೊಂದು ರಾತ್ರಿ ಕೊಟ್ಟೆ. ಹುಡುಗನ ಹಣೆ ಮುಟ್ಟಿ ನೋಡುತ್ತಾನೆ, ತನ್ನ ಶಾಲು ಹೊದಿಸುತ್ತಾನೆ, ಗಲ್ಲಾಪೆಟ್ಟಿಗೆಗೆ ವಾಪಸ್ ಹೋಗುತ್ತಾನೆ. ಕೆಟ್ಟವನಲ್ಲದವನೊಬ್ಬ ಒಂದು ರಾತ್ರಿ ಮಾಡಿದ ಲೆಕ್ಕದಿಂದ ಒಂದು ಮಗು ಸಾಯಬಹುದು ಅನ್ನುವುದು ಯಾವ ಮೋಹಿನಿಗಿಂತಲೂ ಹೆಚ್ಚು ಭಯದ ಸಂಗತಿ. ಇದನ್ನು ಮಕ್ಕಳಿಗೆ ಹೇಳಬಹುದೇ ಎಂದು ನೀವು ಕೇಳಿದರೆ, ಹೇಳಬಹುದು ಎಂದು ಈಗ ನನಗನ್ನಿಸುತ್ತದೆ. ತಮ್ಮ ಮನೆಯಲ್ಲೂ ಕಸ ಗುಡಿಸುವವಳ ಮಗಳು ಮೂಲೆಯಲ್ಲಿ ಕೂತಿರುವುದನ್ನು ಅವರು ಕಂಡವರೇ. ಗುಮ್ಮನನ್ನು ದೂರದಲ್ಲೇ ಇಟ್ಟು ತೋರಿಸಿದರೆ ಮಗು ತಾನು ಒಳ್ಳೆಯವರ ಪಕ್ಷದಲ್ಲಿದ್ದೇನೆಂದು ನಿಶ್ಚಿಂತೆಯಿಂದ ಮಲಗುತ್ತದೆ. ಆ ನಿಶ್ಚಿಂತೆಯೇ ಕಲ್ಲನ್ನು ಕೈಗೆ ಕೊಡುವುದು.

ಹೀಗೆ ಹೆದರಿಸಲು ಹೊರಟವಳು ಮಗುವಿಗೆ ಕೊಡಬೇಕಾದ್ದೂ ಇದೆ. ಒಂದು, ಕಥೆಯ ಕತ್ತಲಲ್ಲಿ ಮಗುವನ್ನು ಒಂಟಿಯಾಗಿ ಬಿಡಬಾರದು. ನನ್ನ ಕಥೆಯಲ್ಲಿ ನಾಲ್ಕು ಮಕ್ಕಳಿರುವುದು ಅದಕ್ಕೇ, ಒಬ್ಬರ ಕೈ ತಣ್ಣಗಾದರೆ ಹಿಡಿಯಲು ಇನ್ನೊಬ್ಬರು ಬೇಕು. ಎರಡು, ಕೊನೆಯಲ್ಲಿ ಅದು ದೆವ್ವವಲ್ಲ, ಬೆಕ್ಕು ಎಂದು ಹೇಳಿ ನಗಬಾರದು. ಹತ್ತು ವರ್ಷದವರು ಆ ಮೋಸವನ್ನು ಮರೆಯುವುದಿಲ್ಲ. ಮೂರು, ದೆವ್ವಕ್ಕೆ ಮಗುವಿನ ಕೈಯಲ್ಲಿ ಮಾಡಲಾಗುವಂಥ ಒಂದು ಬೇಡಿಕೆ ಇರಬೇಕು. ಗೋವಿಂದ ಸೇಡು ಕೇಳುವುದಿಲ್ಲ, ಹಾಜರಿಯಲ್ಲಿ ತನ್ನ ಹೆಸರು ಕರೆಯಬೇಕು ಅನ್ನುತ್ತಾನೆ. ಅಷ್ಟು ಮಾಡಲು ನಾಲ್ಕು ಮಕ್ಕಳಿಂದ ಆಗುತ್ತದೆ. ಸತ್ತವನು ಬದುಕಿ ಬರುವುದಿಲ್ಲ, ಆ ವಿಷಯದಲ್ಲಿ ಸುಳ್ಳು ಹೇಳಬಾರದು.

ಇದೆಲ್ಲ ಬರೆದ ಮೇಲೆ ಊರಿಗೆ ಫೋನ್ ಮಾಡಿ ಅತ್ತಿಗೆಯನ್ನು ಕೇಳಿದೆ, ಮೂಲೆಮನೆಯಲ್ಲಿದ್ದ ಆಕೆಯ ಹೆಸರೇನು ಅಂತ. "ಮೂಲೆಮನೆ ಮುದುಕಿ ಅಂತಿದ್ರು. ಹೆಸರು ಯಾರು ಕೇಳಿದ್ರು ಮಾರಾಯ್ತಿ? ಆ ಮನೆ ಹೈವೇ ಅಗಲ ಮಾಡುವಾಗ್ಲೇ ಹೋಯ್ತಲ್ಲ" ಅಂದರು. ಯಾಕೆ ಎಂದೂ ಕೇಳಿದರು. ಹೀಗೇ ಸುಮ್ಮನೆ ಅಂದೆ.

ಸಂಘದ ಹಿರಿಯರಿಗೆ ತಿದ್ದಿದ ಅಧ್ಯಾಯ ಕೊಟ್ಟು ಬಂದೆ. ಎರಡು ವಾರದ ಮೇಲೆ ಅವರೇ ಫೋನ್ ಮಾಡಿದರು. ಓದಿದೆ ಅಂದರು. ಸ್ವಲ್ಪ ಹೊತ್ತು ಮಾತಿಲ್ಲ. "ನಮ್ಮ ಜೊತೆ ಮೇಜು ಜೋಡಿಸಿ ಮಲಗ್ತಿದ್ದವ ಒಬ್ಬ ಇದ್ದ..." ಎಂದು ಶುರು ಮಾಡಿ, ಮುಂದುವರಿಸಲಿಲ್ಲ. ಅಚ್ಚಿನ ವಿಷಯ ಕಮಿಟಿಯಲ್ಲಿಡುತ್ತೇನೆ, ಏನಾಗುತ್ತದೋ ನೋಡೋಣ ಅಂದರು. ಕಮಿಟಿ ಇನ್ನೂ ಸೇರಿಲ್ಲ.

ಹೊಸ ಕಥೆಯನ್ನು ತರಗತಿಯಲ್ಲಿ ಓದುತ್ತಿದ್ದೇನೆ. ಮೊನ್ನೆ ಆ ಹುಡುಗನ ತಾಯಿ ಗೇಟಿನಲ್ಲಿ ಸಿಕ್ಕರು. ಈಗಲೂ ರಾತ್ರಿ ಅಕ್ಕ ಹೊರಗೆ ನಿಲ್ಲಲೇಬೇಕಂತೆ. ಕೇಳಿ ನನಗೆ ಮುಖ ಸಣ್ಣಗಾಯಿತು. ಲಿಫ್ಟಿನ ಅಜ್ಜಿಯ ವಿಷಯ ನಾನೇ ಕೇಳಿದೆ. ಅವರು ನಕ್ಕರು. "ಅದೊಂದು ಹೊಸ ಪೀಕಲಾಟ ಟೀಚರ್. ಈಗ ಲಿಫ್ಟಲ್ಲಿ ಅವರನ್ನ ಬಿಡೋದೇ ಇಲ್ಲ. ನಿಮ್ಮ ಹೆಸರೇನು, ನಿಮ್ಮ ಹೆಸರೇನು ಅಂತ ಕನ್ನಡದಲ್ಲಿ ಕೇಳ್ತಾನೆ. ಅವರಿಗೆ ಗುಜರಾತಿ ಬಿಟ್ಟು ಬೇರೆ ಬರೋದಿಲ್ಲ."